ಅಜಗರದ ಊಟ

(ರೇಡಿಯೋ ಭಾಷಣ)

ನಮ್ಮ ಭಾಷೆಯಲ್ಲಿ ಈ ಪ್ರಾಣಿಗೆ ಎರಡು ಹೆಸರುಗಳುಂಟು. ಒಂದು ಅಚ್ಚಗನ್ನಡದ ಹೆಬ್ಬಾವು. ಮತ್ತೊಂದು ಸಂಸ್ಕೃತದಿಂದ ಬಂದ ಅಜಗರ. ಹಿರಿದು ಎಂಬ ಗುಣವಾಚಕವೂ ಹಾವು ಎಂಬ ನಾಮಪದವೂ ಕೂಡಿ ಹೆಬ್ಬಾವಾಯಿತೆಂಬುದನ್ನು ಹೆಮ್ಮರ, ಹೆದ್ದಾರಿ, ಹೆಬ್ಬಾಗಿಲುಗಳ ಸಾಲಿನಲ್ಲಿ ನಾವೆಲ್ಲ ಶಾಲೆಯ ವ್ಯಾಕರಣದಲ್ಲಿ ಓದಿದವರೇ. ಅಜ ಎಂದರೆ ಆಡು, ಗರ ಎಂದರೆ ನುಂಗುವುದು. ಆಡನ್ನು ನುಂಗುವುದು ಅಜಗರ. ಕನ್ನಡದ ಹೆಸರು ಅದರ ಗಾತ್ರವನ್ನು ಕಂಡಿತು, ಸಂಸ್ಕೃತದ ಹೆಸರು ಅದರ ಊಟವನ್ನು ಕಂಡಿತು. ಗಾತ್ರವನ್ನು ನೋಡಿದವನು ದೂರದಲ್ಲಿ ನಿಂತು ನೋಡಿರಬೇಕು. ಊಟವನ್ನು ಹೆಸರಿಸಿದವನು ಮಾತ್ರ ಖಂಡಿತವಾಗಿ ಆಡು ಕಳೆದುಕೊಂಡವನಿರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಕೃಷ್ಣೆ ತುಂಗಭದ್ರೆಯರ ನಡುವಣ ನಮ್ಮ ಸೀಮೆಯಲ್ಲಿ ಎರಡೂ ಬಗೆಯ ಜನರಿದ್ದಾರೆ. ಲಿಂಗಸುಗೂರಿನಿಂದ ಮುದಗಲ್ಲಿನ ಕಡೆಗೂ ಮಸ್ಕಿಯ ಕಡೆಗೂ ಹೋಗುವಾಗ ದಾರಿಯ ಎರಡೂ ಬದಿಗೆ ಬಂಡೆಯ ಮೇಲೆ ಬಂಡೆ ಪೇರಿಸಿದಂಥ ಗುಡ್ಡಗಳು ಕಾಣುತ್ತವೆ. ೧೯೧೫ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಅಶೋಕನ ಶಾಸನ ಬಿದ್ದದ್ದು ಇಂಥದೇ ಒಂದು ಗುಡ್ಡದಲ್ಲಿ. ಚಕ್ರವರ್ತಿಯ ಹೆಸರನ್ನು ಎರಡು ಸಾವಿರ ವರ್ಷ ಕಾಪಾಡಿದ ಬಂಡೆಗಳ ಸಂದುಗಳು ಮುಳ್ಳುಹಂದಿಗೂ ಉಡಕ್ಕೂ ಹೆಬ್ಬಾವಿಗೂ ಮನೆಗಳು. ಮಸ್ಕಿಯನ್ನು ದಾಟಿ ಸಿಂಧನೂರಿನ ಕಡೆ ಇಳಿದರೆ ನೋಟವೇ ಬೇರೆ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿ ೧೯೫೩ರ ತರುವಾಯ ಎಡದಂಡೆಯ ಕಾಲುವೆಗೆ ನೀರು ಹರಿಯಿತು. ಜೋಳ ಹತ್ತಿ ಬೆಳೆಯುತ್ತಿದ್ದ ಎರೆಯ ಹೊಲಗಳು ಭತ್ತದ ಗದ್ದೆಗಳಾದವು. ಭತ್ತದ ಹಿಂದೆ ಇಲಿ ಬಂತು, ಹೆಗ್ಗಣ ಬಂತು, ಬೆಳ್ಳಕ್ಕಿಗಳು ಬಂದವು. ಕಾಲುವೆಯ ಏರಿಯುದ್ದಕ್ಕೂ ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆಯಿತು. ನೀರು, ನೆರಳು, ಬಿಲ, ಬೇಟೆ, ಇವು ನಾಲ್ಕೂ ಒಂದೇ ಕಡೆ ದೊರೆತರೆ ಹೆಬ್ಬಾವಿಗೆ ಇನ್ನೇನು ಬೇಕು? ಭತ್ತ ಕೊಯ್ಯುವ ಯಂತ್ರ ಗದ್ದೆಯ ಕೊನೆಯ ಮೂಲೆಗೆ ಬಂದಾಗ ಅದು ಕಾಣಿಸಿಕೊಂಡಿತೆಂಬ ಸುದ್ದಿಯೂ, ಅದನ್ನು ನಾಲ್ಕು ಜನ ಹೊತ್ತು ನಿಂತ ಚಿತ್ರವೂ ಪತ್ರಿಕೆಯಲ್ಲಿ ಬರುವುದುಂಟು.

ನಾನು ಕಂಡದ್ದು ಪತ್ರಿಕೆಗೆ ಬಾರದ ಒಂದು ಪ್ರಸಂಗ. ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಬೆಳೆ ಕೊಯ್ಲಾದ ಮೇಲೆ, ಮಸ್ಕಿಯ ಆಚೆಯ ಒಂದು ಹಳ್ಳಿಯಲ್ಲಿ ಕುರಿಗಾರರ ಒಂದು ಕುಟುಂಬ ಗದ್ದೆಯಲ್ಲಿ ಕುರಿ ತರುಬಿತ್ತು. ಬೆಳಗ್ಗೆ ಎಣಿಸಿದಾಗ ಒಂದು ಆಡಿನ ಮರಿ ಇಲ್ಲ. ಹುಡುಕುತ್ತ ಹೋದವರಿಗೆ ಜಾಲಿಯ ಬುಡದಲ್ಲಿ ಹತ್ತಡಿಗೆ ಕಡಿಮೆಯಿಲ್ಲದ ಹೆಬ್ಬಾವು, ನಡುವೆ ಹೊಟ್ಟೆ ಉಬ್ಬಿ, ಅಲುಗಾಡದೆ ಬಿದ್ದಿತ್ತು. ನಾನು ಬಂಧುಗಳ ಮನೆಗೆಂದು ಅಲ್ಲಿಗೆ ಹೋದವನು ಗದ್ದಲ ಕೇಳಿ ಹೋಗಿ ನಿಂತೆ. ಊರಿನ ಹುಡುಗರು ಕೋಲಿನಿಂದ ತಿವಿಯುತ್ತಿದ್ದರು, ಕಲ್ಲು ಬೀರುತ್ತಿದ್ದರು, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಹಾವು ಬಾಯಿ ತೆರೆದು, ಮೈಯನ್ನೆಲ್ಲ ಅಲೆಯಲೆಯಾಗಿ ಹಿಂಡಿ, ನುಂಗಿದ್ದನ್ನು ಕಕ್ಕಿತು. ಮೊದಲು ಹೊರಬಂದದ್ದು ಮರಿಯ ಬಾಲ, ಹಿಂಗಾಲು. ಕೊನೆಗೆ ಬಂದದ್ದು ಮುಖ. ಕೂದಲು ಮೈಗೆ ಅಂಟಿಕೊಂಡು, ಈಗತಾನೆ ಈದ ಮರಿಯಂತೆಯೇ ಅದು ಕಾಣುತ್ತಿತ್ತು. ಹಗುರಾದ ಹಾವು ಇನ್ನೆರಡು ಪೆಟ್ಟು ತಿಂದು, ಗುಡ್ಡದ ಬಂಡೆಯ ಸಂದಿಗೆ ಮೈ ಎಳೆದುಕೊಂಡು ಮರೆಯಾಯಿತು. ಕುರಿಗಾರರ ಹೆಣ್ಣುಮಗಳು ಮರಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ನಾನು, ಮೇಷ್ಟರ ಹಳೆಯ ಚಟದಂತೆ, ಅದೂ ಒಂದು ಪ್ರಾಣಿ, ಅದಕ್ಕೂ ಹಸಿವುಂಟು ಎಂಬರ್ಥದ ಮಾತನ್ನು ಆಡಿಬಿಟ್ಟೆ. ಆಕೆ ತಲೆ ಎತ್ತಿ, “ಅದಕ್ಕೂ ಹೊಟ್ಟಿ ಅದ ಅಂತೀರಿ, ಖರೇ ಅದರಿ ಸರ. ನಮಗಿಲ್ಲೇನ್ರಿ? ಇದರ ತಾಯಿ ನೋಡ್ರಿ, ಇನ್ನೂ ಒದರಲಿಕ್ಕೆ ಹತ್ಯಾದ” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಊರಿಗೆ ಹಿಂತಿರುಗಿದ ಮೇಲೆ ಈ ಹಾವಿನ ವಿಷಯ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಸಾಹಿತ್ಯದ ಮನುಷ್ಯನಾದ ನಾನು ಪ್ರಾಣಿಶಾಸ್ತ್ರದ ಮಾತನ್ನಾಡಲು ಹೊರಟಿರುವುದಕ್ಕೆ ಆ ಹೆಣ್ಣುಮಗಳ ಪ್ರಶ್ನೆಯೇ ಕಾರಣ.

ಓದಿದ ಮೇಲೆ ಮೊದಲು ಬಿಡಬೇಕಾಗಿ ಬಂದದ್ದು ಪುರಾಣದ ಹೆಬ್ಬಾವನ್ನು. ಭಾಗವತದ ಅಘಾಸುರ ಹೆಬ್ಬಾವಾಗಿ ದಾರಿಯಲ್ಲಿ ಬಾಯಿ ತೆರೆದು ಮಲಗುತ್ತಾನೆ; ಗೋವಳರ ಮಕ್ಕಳು ಅದನ್ನು ಗುಹೆಯೆಂದು ಬಗೆದು ಕರುಗಳೊಡನೆ ಒಳಹೊಗುತ್ತಾರೆ. ನಮ್ಮ ಹಳ್ಳಿಗಳಲ್ಲಿ ಇದರದೇ ಇನ್ನೊಂದು ರೂಪವಿದೆ: ಹೆಬ್ಬಾವು ಬಾಯಿ ತೆರೆದು ಉಸಿರೆಳೆದುಕೊಂಡರೆ ಎದುರಿಗಿರುವ ಪ್ರಾಣಿ ಗಾಳಿಗೆ ಸಿಕ್ಕ ತರಗೆಲೆಯಂತೆ ಬಾಯಿಗೇ ಬಂದು ಬೀಳುತ್ತದೆಯಂತೆ. ಎರಡೂ ನಿಜವಲ್ಲ. ಬೇಟೆ ಕಾಯುವ ಹೆಬ್ಬಾವಿನ ಬಾಯಿ ಮುಚ್ಚಿಯೇ ಇರುತ್ತದೆ. ಆದರೆ ಈ ಕಲ್ಪನೆಗಳ ಅಡಿಯಲ್ಲಿ ಒಂದು ಸರಿಯಾದ ಅವಲೋಕನವಿದೆ. ಈ ಹಾವು ಬೇಟೆಯನ್ನು ಅಟ್ಟಿಕೊಂಡು ಹೋಗುವುದಿಲ್ಲ, ಬೇಟೆಯೇ ಅದರ ಬಳಿಗೆ ಬರುತ್ತದೆ. ಸಂಪಾದನೆಗೆ ಹೊರಡದೆ ತಾನಾಗಿ ಬಂದುದರಲ್ಲಿ ಬದುಕುವ ವಿರಕ್ತರ ಬಾಳನ್ನು ನಮ್ಮ ಹಿರಿಯರು ಅಜಗರವೃತ್ತಿ ಎಂದು ಕರೆದರಷ್ಟೆ. ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧ ಮಾತ್ರ ಸರಿ. ಅಜಗರ ಬಂದುದನ್ನು ಸ್ವೀಕರಿಸುವ ಸಂನ್ಯಾಸಿಯಲ್ಲ. ಅದು ಜಾಗ ಆರಿಸಿ ಕುಳಿತ ಬೇಟೆಗಾರ.

ಜಾಗದ ಆಯ್ಕೆಯಲ್ಲಿಯೇ ಅದರ ಜಾಣ್ಮೆಯೆಲ್ಲ ಇದೆ. ಮೊಲ ಓಡಾಡುವ ಕಿರುದಾರಿ, ನೀರಿಗೆ ಇಳಿಯುವ ಇಳಿಜಾರು, ಹೆಗ್ಗಣದ ಬಿಲದ ಬಾಯಿ, ಹಕ್ಕಿಗಳು ಇರುಳು ತಂಗುವ ಮರದ ಕೊಂಬೆ, ಇಂಥ ಕಡೆಗಳಲ್ಲಿ ಮೈಯನ್ನು ಸುತ್ತಿಕೊಂಡು ತಲೆಯನ್ನು ಸುರುಳಿಯ ಅಂಚಿಗೆ ಇಟ್ಟು ಅದು ಕಾಯುತ್ತದೆ. ಸಾಮಾನ್ಯವಾಗಿ ಕಾಯುವುದು ಇರುಳಿನಲ್ಲಿ. ಒಂದು ಕಡೆ ಫಲ ಕಾಣದಿದ್ದರೆ ಬೇರೆ ಕಡೆ ಹೋಗಿ ಕೂರುತ್ತದೆ. ಮಾಸಲು ಹಳದಿಯ ಮೈಮೇಲಿನ ಕಂದು ಚಪ್ಪಟೆಗಳು ಒಣಗಿದ ಎಲೆ, ಬಂಡೆ, ನೆರಳುಗಳ ನಡುವೆ ಕರಗಿಹೋಗುತ್ತವೆ. ಎರಡು ಮಾರು ದೂರದಲ್ಲಿ ನಿಂತವನಿಗೂ ಕಾಣದು.

ಕತ್ತಲೆಯಲ್ಲಿ ಬೇಟೆ ಬಂದದ್ದು ಅದಕ್ಕೆ ತಿಳಿಯುವುದು ಹೇಗೆ? ಕಣ್ಣಿಗೆ ರೆಪ್ಪೆಯಿಲ್ಲ, ಹೊರಗಿವಿಯಿಲ್ಲ. ನೆಲದ ಅದುರನ್ನು ಮೈ ಮತ್ತು ದವಡೆಯ ಮೂಳೆಗಳು ಗ್ರಹಿಸುತ್ತವೆ. ಕವಲು ನಾಲಿಗೆ ಗಾಳಿಯಲ್ಲಿಯ ವಾಸನೆಯ ಕಣಗಳನ್ನು ಎತ್ತಿ ಬಾಯಿಯ ಮೇಲ್ಛಾವಣಿಯಲ್ಲಿರುವ ಒಂದು ವಿಶೇಷ ಇಂದ್ರಿಯಕ್ಕೆ ಮುಟ್ಟಿಸುತ್ತದೆ. ಇವು ಬಹುಮಟ್ಟಿಗೆ ಎಲ್ಲ ಹಾವುಗಳಿಗೂ ಉಂಟು. ಹೆಬ್ಬಾವಿಗೆ ಮೇಲಾಗಿ ಇನ್ನೊಂದು ವರವಿದೆ: ಅದರ ತುಟಿಯ ಕೆಲವು ಹುರುಪೆಗಳಲ್ಲಿ ಸಣ್ಣ ಗುಳಿಗಳಿವೆ. ಅವು ಶಾಖವನ್ನು ಗುರುತಿಸುವ ಗುಳಿಗಳು. ಬಿಸಿರಕ್ತದ ಪ್ರಾಣಿಯೊಂದು ತಂಪು ನೆಲದ ಮೇಲೆ ಹಾದುಹೋದರೆ, ಬೂದಿಯ ನಡುವಿನ ಕೆಂಡದಂತೆ ಅದು ಹಾವಿಗೆ ಎದ್ದು ತೋರುತ್ತದೆ. ಆದ್ದರಿಂದಲೇ ಅಮಾವಾಸ್ಯೆಯ ಇರುಳಿನಲ್ಲಿಯೂ ಅದರ ಗುರಿ ತಪ್ಪುವುದು ಅಪರೂಪ.

ಆಮೇಲಿನದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆಯುತ್ತದೆ. ಮೇಲೆ ನಾಲ್ಕು ಸಾಲು, ಕೆಳಗೆ ಎರಡು ಸಾಲು ಹಲ್ಲುಗಳು, ಎಲ್ಲವೂ ಗಂಟಲ ಕಡೆಗೆ ಬಾಗಿದವು. ವಿಷವಿಲ್ಲ. ಬಾಯಿ ಹಿಡಿದೊಡನೆ ಮೈ ಎದ್ದು ಬೇಟೆಯನ್ನು ಒಂದು, ಎರಡು, ಮೂರು ಸುತ್ತು ಸುತ್ತುತ್ತದೆ. ಮಹಾಭಾರತದ ಅರಣ್ಯಪರ್ವದಲ್ಲಿ ಅಗಸ್ತ್ಯರ ಶಾಪದಿಂದ ಹೆಬ್ಬಾವಾಗಿದ್ದ ನಹುಷ ಭೀಮಸೇನನನ್ನು ಹಿಡಿದ ಕಥೆ ತಮಗೆಲ್ಲ ತಿಳಿದದ್ದೇ. ಹಿಡಿಂಬ ಬಕರನ್ನು ಕೊಂದ ತೋಳುಗಳು ಅಲ್ಲಿ ಕೆಲಸಕ್ಕೆ ಬಾರದೆ ಹೋಗುತ್ತವೆ. ಕವಿ ಅದನ್ನು ವರದ ಬಲವೆನ್ನುತ್ತಾನೆ; ಆದರೆ ಸುತ್ತಿಗೆ ಸಿಕ್ಕ ಮೇಲೆ ಬಲ ಕೆಲಸಕ್ಕೆ ಬಾರದೆಂಬುದನ್ನು ಯಾರೋ ಕಣ್ಣಾರೆ ಕಂಡು ಹೇಳಿರಬೇಕು.

ಈ ಸುತ್ತು ಕೊಲ್ಲುವುದು ಹೇಗೆ ಎಂಬ ವಿಷಯದಲ್ಲಿ ನಾವು ಬಹುಕಾಲ ತಪ್ಪಾಗಿ ತಿಳಿದಿದ್ದೆವು. ಎಲುಬು ಪುಡಿಯಾಗುತ್ತದೆಂದು ಜನ ಹೇಳಿದರು. ಹೊಟ್ಟೆಯಲ್ಲಿಯ ಎಲುಬನ್ನು ಮುರಿಯಲು ಹಾವು ಮರಕ್ಕೆ ಸುತ್ತಿಕೊಂಡು ಬಿಗಿಯುತ್ತದೆ ಎಂದೂ ಸೇರಿಸಿದರು. ಎಲುಬು ಸಾಮಾನ್ಯವಾಗಿ ಮುರಿಯುವುದಿಲ್ಲ, ಮುರಿಯುವ ಅಗತ್ಯವೂ ಅದಕ್ಕಿಲ್ಲ. ಪುಸ್ತಕಗಳು, ಉಸಿರು ಕಟ್ಟಿ ಸಾಯುತ್ತದೆ, ಬೇಟೆ ಉಸಿರು ಬಿಟ್ಟಾಗಲೆಲ್ಲ ಸುತ್ತು ಬಿಗಿಯಾಗುತ್ತದೆ ಎಂದು ಬರೆದವು. ನಾವೂ ಅದನ್ನೇ ಮಕ್ಕಳಿಗೆ ಹೇಳಿದೆವು. ೨೦೧೫ರಲ್ಲಿ ಅಮೆರಿಕದ ಸ್ಕಾಟ್ ಬೋಬ್ಯಾಕ್ ಮತ್ತು ಸಂಗಡಿಗರು ಹೆಬ್ಬಾವಿನ ದಾಯಾದಿಯಾದ ಬೋವಾ ಹಾವುಗಳನ್ನಿಟ್ಟುಕೊಂಡು, ಅರಿವಳಿಕೆ ಕೊಟ್ಟ ಇಲಿಗಳ ರಕ್ತದ ಒತ್ತಡವನ್ನು ಸುತ್ತಿನ ಒಳಗೇ ಅಳೆದು ಪ್ರಕಟಿಸಿದರು. ಸುತ್ತು ಬಿಗಿದ ಕೆಲವೇ ಸೆಕೆಂಡುಗಳಲ್ಲಿ ರಕ್ತದ ಸಂಚಾರವೇ ನಿಲ್ಲುತ್ತ ಬರುತ್ತದೆ. ಹೃದಯದಿಂದ ಹೊರಡುವ ರಕ್ತದ ಒತ್ತಡ ಕುಸಿಯುತ್ತದೆ, ಹೃದಯಕ್ಕೆ ಮರಳುವ ನಾಳಗಳಲ್ಲಿ ಒತ್ತಡ ಏರುತ್ತದೆ, ಮಿದುಳಿಗೆ ರಕ್ತ ಹೋಗುವುದಿಲ್ಲ. ಉಸಿರು ಕಟ್ಟಿ ಸಾಯುವುದಕ್ಕೆ ನಿಮಿಷಗಳು ಬೇಕು. ಇಲ್ಲಿ ಅದಕ್ಕೆ ಮೊದಲೇ ಪ್ರಜ್ಞೆ ಹೋಗಿರುತ್ತದೆ. ಆಡಿನ ಮರಿ ಹೆಚ್ಚು ನರಳಿರಲಾರದು ಎಂದು ಇದರಿಂದ ನಾನು ಊಹಿಸಿಕೊಂಡೆ. ಅದರ ತಾಯಿಗಾಗಲಿ ಒಡತಿಗಾಗಲಿ ಅದರಿಂದ ಏನು ಸಮಾಧಾನ ಎನ್ನುವುದು ಬೇರೆ ಮಾತು.

ಯಾವಾಗ ಸಡಿಲಿಸಬೇಕೆಂಬುದೂ ಹಾವಿಗೆ ತಿಳಿದಿದೆ. ಇದೇ ವಿದ್ವಾಂಸರು ೨೦೧೨ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಕುತೂಹಲಕರವಾದದ್ದು. ಸತ್ತ ಇಲಿಯ ಒಡಲಲ್ಲಿ ಮಿಡಿಯುವ ಕೃತಕ ಹೃದಯವನ್ನಿಟ್ಟು ಅದನ್ನು ಬೋವಾಕ್ಕೆ ಕೊಟ್ಟರು. ಹೃದಯ ಮಿಡಿಯುತ್ತಿರುವಷ್ಟು ಕಾಲ ಹಾವು ಬಿಗಿಯುತ್ತಲೇ ಇತ್ತು. ಮಿಡಿತ ನಿಲ್ಲಿಸಿದಾಗ ಅದೂ ಸಡಿಲಿಸಿತು. ಬಿಗಿಯುವುದು ಹಾವಿಗೂ ದಣಿವಿನ ಕೆಲಸ, ಸತ್ತದ್ದನ್ನು ಬಿಗಿದು ಶಕ್ತಿ ಕಳೆದುಕೊಳ್ಳಲು ಅದು ಒಪ್ಪದು. ತನ್ನ ಮೈಯಿಂದಲೇ ಅದು ಇನ್ನೊಂದು ಜೀವದ ನಾಡಿ ಹಿಡಿದು ನೋಡುತ್ತದೆ!

ಇನ್ನು ನುಂಗುವ ಕ್ರಮ. ದವಡೆ ಕಳಚಿಕೊಳ್ಳುತ್ತದೆ ಎಂದು ಹೇಳುವುದುಂಟು, ಕಳಚುವುದೇನೂ ಇಲ್ಲ. ನಮ್ಮ ಕೆಳದವಡೆ ಗದ್ದದಲ್ಲಿ ಕೂಡಿಕೊಂಡ ಒಂದೇ ಮೂಳೆ. ಹಾವಿನದು ಎರಡು ತುಂಡು, ನಡುವೆ ಹಿಗ್ಗುವ ತಂತು. ತಲೆಬುರುಡೆಗೂ ಕೆಳದವಡೆಗೂ ಮಧ್ಯೆ ತೂಗಾಡುವ ಇನ್ನೊಂದು ಮೂಳೆ. ಹೀಗಾಗಿ ಬಾಯಿ ಕೆಳಕ್ಕೂ ಅಗಲಕ್ಕೂ ತನ್ನ ತಲೆಗಿಂತ ಎಷ್ಟೋ ಪಾಲು ದೊಡ್ಡದಾಗಿ ತೆರೆಯುತ್ತದೆ. ಹಾವು ಮೊದಲು ಬೇಟೆಯ ತಲೆಯನ್ನು ಹುಡುಕಿಕೊಳ್ಳುತ್ತದೆ. ತಲೆಯ ಕಡೆಯಿಂದ ಹೋದರೆ ಕಾಲುಗಳು ಹಿಂದಕ್ಕೆ ಮಡಿಚಿಕೊಳ್ಳುತ್ತವೆ, ಕೂದಲು ಗರಿಗಳು ಎದುರಾಗುವುದಿಲ್ಲ. (ಭಾಗವತದಲ್ಲಿ ನಂದಗೋಪನನ್ನು ಕಾಲಿನಿಂದ ನುಂಗಲು ಹೊರಟ ಹೆಬ್ಬಾವು ಶಾಪಗ್ರಸ್ತನಾದ ವಿದ್ಯಾಧರ. ನಿಜವಾದ ಹೆಬ್ಬಾವು ಆ ತಪ್ಪನ್ನು ಸಾಧಾರಣವಾಗಿ ಮಾಡದು.) ಬಳಿಕ ಬಲಗಡೆಯ ಹಲ್ಲಿನ ಸಾಲು ಒಂದು ಹೆಜ್ಜೆ ಮುಂದಿಟ್ಟು ಕಚ್ಚುತ್ತದೆ, ಅದು ಹಿಡಿದ ಮೇಲೆ ಎಡಗಡೆಯದು ಮುಂದಕ್ಕೆ ಬರುತ್ತದೆ. ದಿಂಬಿಗೆ ಗವಸು ತೊಡಿಸುವಾಗ ನಾವು ಎರಡು ಕೈಯಿಂದ ಬದಲಿಸಿ ಬದಲಿಸಿ ಎಳೆಯುವುದಿಲ್ಲವೆ, ಹಾಗೆ. ಆಡು ಹಾವಿನೊಳಕ್ಕೆ ಹೋಗುತ್ತದೆ ಎನ್ನುವುದಕ್ಕಿಂತ ಹಾವು ಆಡಿನ ಮೇಲೆ ತನ್ನನ್ನು ತೊಡಿಸಿಕೊಳ್ಳುತ್ತದೆ ಎನ್ನುವುದು ಸರಿ. ಬಾಯಿ ತುಂಬಿರುವಾಗ ಉಸಿರಾಟಕ್ಕೆ ಅಡ್ಡಿಯಾಗದಂತೆ ಶ್ವಾಸನಾಳದ ತುದಿಯನ್ನು ಅದು ನಾಲಿಗೆಯ ಬಳಿಯಿಂದ ಮುಂದಕ್ಕೆ ಚಾಚಿಕೊಂಡಿರುತ್ತದೆ.

ಬೇಟೆಯ ಗಾತ್ರಕ್ಕೆ ಮಿತಿಯುಂಟು, ಆದರೆ ಅದರ ಅಂದಾಜು ಹಾವಿಗೆ ಯಾವಾಗಲೂ ಸರಿಯಾಗಿರುವುದಿಲ್ಲ. ಮುಳ್ಳುಹಂದಿಯನ್ನು ನುಂಗಿ ಮುಳ್ಳು ಚುಚ್ಚಿಕೊಂಡು ಸತ್ತ ಹೆಬ್ಬಾವುಗಳುಂಟು. ಭರತಪುರದ ಕೇವಲಾದೇವ ಉದ್ಯಾನದಲ್ಲಿ ಎಸ್. ಭೂಪತಿ ಅವರು ಈ ಹಾವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಅಲ್ಲಿಯ ಹೆಬ್ಬಾವುಗಳು ಮುಳ್ಳುಹಂದಿಯ ಬಿಲವನ್ನೇ ಮನೆ ಮಾಡಿಕೊಂಡು, ಚಳಿಗಾಲದ ಹಗಲಿನಲ್ಲಿ ಬಿಲದ ಬಾಯಿಗೆ ಬಂದು ಬಿಸಿಲು ಕಾಯಿಸುತ್ತವೆ. ಆತಿಥ್ಯ ಕೊಟ್ಟವನನ್ನೇ ಒಮ್ಮೊಮ್ಮೆ ಉಣ್ಣುವ ಅತಿಥಿ! ಮನುಷ್ಯನ ಮಾತು ಬಂದರೆ, ೨೦೧೭ರಲ್ಲಿ ಇಂಡೋನೇಷ್ಯದ ಸುಲಾವೆಸಿಯಲ್ಲಿ ಒಬ್ಬ ರೈತ ಹಾವಿನ ಹೊಟ್ಟೆಯಲ್ಲಿ ಸಿಕ್ಕದ್ದು ನಿಜ. ಆ ಹಾವು ಬಲೆಯಂಥ ಚಿತ್ತಾರದ, ಇನ್ನೂ ಉದ್ದವಾದ ಬೇರೆಯ ಜಾತಿ. ಸಿಂಧನೂರಿನ ಗದ್ದೆಯಲ್ಲಿ ಅದಿಲ್ಲ. ನಮ್ಮದರ ಪಾಲಿಗೆ ಇಲಿ, ಹೆಗ್ಗಣ, ಮೊಲ, ನವಿಲು, ಬೆಳ್ಳಕ್ಕಿ, ನಾಯಿಮರಿ, ಕುರಿಮರಿ, ಆಡಿನಮರಿ ಇಷ್ಟೇ.

ನುಂಗಿ ಮುಗಿಸಿದ ಹಾವನ್ನು ನೋಡಿ ಸೋಮಾರಿತನಕ್ಕೆ ಉಪಮೆ ಕಟ್ಟಿದವರಿಗೆ ಅದರ ಒಳಗೆ ನಡೆಯುತ್ತಿರುವ ಕಾಮಗಾರಿ ತಿಳಿದಿರಲಿಲ್ಲ. ತಿಂಗಳುಗಟ್ಟಲೆ ಉಪವಾಸವಿರಬಲ್ಲ ಈ ಪ್ರಾಣಿ ಆ ಕಾಲದಲ್ಲಿ ಜೀರ್ಣಾಂಗಗಳನ್ನು ಕುಗ್ಗಿಸಿ, ಅಂಗಡಿ ಮುಚ್ಚಿದಂತೆ ಮುಚ್ಚಿಬಿಟ್ಟಿರುತ್ತದೆ. ಊಟ ಒಳಗಿಳಿದೊಡನೆ ಎಲ್ಲವೂ ಒಮ್ಮೆಲೇ ತೆರೆಯಬೇಕು. ನಮ್ಮ ಹೆಬ್ಬಾವಿನ ತೀರ ಹತ್ತಿರದ ಬಂಧುವಾದ ಬರ್ಮಾ ಹೆಬ್ಬಾವಿನ ಮೇಲೆ ಸ್ಟೀಫನ್ ಸೀಕರ್ ಮೊದಲಾದವರು ನಡೆಸಿದ ಪರಿಶೀಲನೆಗಳಿಂದ ತಿಳಿದದ್ದಿದು: ಒಂದು ದಿನದೊಳಗೆ ಜಠರ ಆಮ್ಲದಿಂದ ತುಂಬುತ್ತದೆ, ಸಣ್ಣ ಕರುಳಿನ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ದೇಹ ಪ್ರಾಣವಾಯುವನ್ನು ಬಳಸುವ ವೇಗ ೪೦ ಪಟ್ಟಿನವರೆಗೂ ಏರಬಹುದು. ಓಡುವ ಕುದುರೆಗೆ ಹೋಲಿಸಬೇಕಾದ ಶ್ರಮವನ್ನು ಅದು ಮಲಗಿಕೊಂಡೇ ಪಡುತ್ತದೆ. ಎರಡು ದಿನಗಳಲ್ಲಿ ಹೃದಯವೇ ಶೇಕಡ ೪೦ರಷ್ಟು ಬೆಳೆಯಬಲ್ಲುದೆಂದು ೨೦೦೫ರಲ್ಲಿ ಪ್ರಕಟವಾಯಿತು. ಊಟ ಮಾಡಿದ ಹಾವಿನ ರಕ್ತದಲ್ಲಿಯ ಕೆಲವು ಕೊಬ್ಬಿನ ಆಮ್ಲಗಳು ಇದಕ್ಕೆ ಕಾರಣವೆಂದೂ, ಅವನ್ನು ಇಲಿಗಳಿಗೆ ಚುಚ್ಚಿದರೆ ಅವುಗಳ ಹೃದಯವೂ ರೋಗವಿಲ್ಲದೆ ಬೆಳೆಯುತ್ತದೆಂದೂ ೨೦೧೧ರಲ್ಲಿ ಕಂಡುಬಂತು. ಕೆಲಸ ಮುಗಿದ ಮೇಲೆ ಎಲ್ಲವೂ ಮತ್ತೆ ಕುಗ್ಗುತ್ತದೆ.

ಇಷ್ಟೆಲ್ಲ ನಡೆಯಲು ಮೈ ಬೆಚ್ಚಗಿರಬೇಕು. ಹಾವಿಗೆ ಸ್ವಂತದ ಶಾಖ ಕಡಿಮೆ, ಬಿಸಿಲನ್ನು ಸಾಲ ತರಬೇಕು. ಬೆಚ್ಚಗಿದ್ದರೆ ಹಿತವಾದ ಊಟ ಒಂದು ವಾರದಲ್ಲಿ ಹೆಚ್ಚುಕಡಿಮೆ ಅರಗುತ್ತದೆ. ತೀರ ತಣ್ಣಗಾದರೆ ಒಳಗಿನದು ಅರಗುವ ಬದಲು ಕೊಳೆಯುವ ಭಯವುಂಟು. ಉಂಡ ಹಾವು ಬಯಲಿನಲ್ಲಿ ಮಲಗಿ ಜನರ ಕಣ್ಣಿಗೆ ಬೀಳುವುದು ಹೀಗೆ. ಆ ಸ್ಥಿತಿಯಲ್ಲಿ ಅದು ಓಡಲಾರದು, ಸುತ್ತಲಾರದು. ಕೆಣಕಿದರೆ ಅದಕ್ಕೆ ಉಳಿದಿರುವ ದಾರಿ ಒಂದೇ, ಹೊಟ್ಟೆಯ ಭಾರವನ್ನು ಇಳಿಸಿ ಹಗುರಾಗುವುದು. ನಾನು ಆ ದಿನ ಕಂಡದ್ದು ಇದನ್ನೇ. ಅದು ಹೆದರಿಕೆಯ ಕಕ್ಕುವಿಕೆ. ಕದ್ದ ಮಾಲನ್ನು ಹಿಂದಿರುಗಿಸಿದಂತೆ ಎಂದು ನೆರೆದವರು ನಕ್ಕದ್ದು ವ್ಯರ್ಥ. ವಾರಗಟ್ಟಲೆಯ ಆಹಾರ ಅದಕ್ಕೂ ಇಲ್ಲ, ಮರಿ ಇವರಿಗೂ ಇಲ್ಲ. ಬರಿಯ ಹೊಟ್ಟೆಯ ಹಾವು ಮತ್ತೆ ಬೇಟೆಗೆ ಕೂರಲೇಬೇಕು. ಹಟ್ಟಿ ಅಲ್ಲಿಯೇ ಇದ್ದರೆ ಅದು ಕೂರುವುದು ಹಟ್ಟಿಯ ದಾರಿಯಲ್ಲಿಯೇ. ಉಂಡ ಹಾವನ್ನು ಮುಟ್ಟದೆ ಬಿಟ್ಟಿದ್ದರೆ ಕೆಲವು ವಾರಗಳ ಕಾಲ ಅದರಿಂದ ಯಾವ ಮರಿಗೂ ಭಯವಿರುತ್ತಿರಲಿಲ್ಲ. ಆ ಹೆಣ್ಣುಮಗಳಿಗೆ ನಾನು ಹೇಳಬೇಕಾಗಿದ್ದದ್ದು ಈ ಲೆಕ್ಕದ ಮಾತನ್ನು.

ಹೆಬ್ಬಾವನ್ನು ರೈತಮಿತ್ರ ಎಂದು ಹೊಗಳುವವರಿದ್ದಾರೆ. ಇದನ್ನು ಅಳೆದು ಹೇಳಬೇಕು. ಇಲಿಗಳನ್ನು ಹೆಚ್ಚಾಗಿ ತಿನ್ನುವುದು ಎಳೆಯ ಹೆಬ್ಬಾವುಗಳು. ಕ್ಯಾರೆಹಾವು ಅವಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತದೆ. ಬೆಳೆದ ಹೆಬ್ಬಾವಿಗೆ ಇಲಿ ಉಪ್ಪಿನಕಾಯಿಯಷ್ಟು. ಸಿಂಧನೂರಿನ ಗದ್ದೆಯವನಿಗೆ ಅದರಿಂದ ಲಾಭವಾಗಿರಬಹುದು, ಮಸ್ಕಿಯ ಕುರಿಗಾರನಿಗೆ ಆಗುವುದು ನಷ್ಟವೇ. ಹೆಬ್ಬಾವನ್ನು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ತನ್ನ ಮೊದಲನೆಯ ಅನುಸೂಚಿಯಲ್ಲಿ, ಹುಲಿಯ ಪಂಕ್ತಿಯಲ್ಲಿ ಕೂರಿಸಿದೆ, ಕೊಂದವನಿಗೆ ಸೆರೆವಾಸ. ಕಾಯಿದೆ ಇರಬೇಕಾದದ್ದೇ. ಆದರೆ ಕಾಯಿದೆಯ ಬೆಲೆಯನ್ನು ತೆರುವವನು ಪಟ್ಟಣದಲ್ಲಿ ಕುಳಿತು ಭಾಷಣ ಮಾಡುವ ನನ್ನಂಥವನಲ್ಲ, ರಾತ್ರಿ ಬಯಲಿನಲ್ಲಿ ಮಲಗುವ ಬಡವ ಎಂಬುದನ್ನು ಮರೆತು ಮಾತಾಡಬಾರದು. ಮರಿಗಳನ್ನು ಕತ್ತಲಾಗುವ ಮುನ್ನ ಬುಟ್ಟಿಯಡಿ ಕವುಚಿ ಮೇಲೆ ಕಲ್ಲು ಹೇರುವ ಹಳೆಯ ಪದ್ಧತಿ ಕುರಿಗಾರರಲ್ಲಿ ಇದ್ದೇ ಇದೆ. ಹಟ್ಟಿಯನ್ನು ಜಾಲಿಯ ಪೊದೆಗೂ ಕಾಲುವೆಯ ಏರಿಗೂ ದೂರ ಹಾಕುವುದನ್ನೂ ಹಿರಿಯರು ಬಲ್ಲರು. ಆ ಕುಟುಂಬ ಅಂದು ಜಾಲಿಯ ಹತ್ತಿರ ಹಟ್ಟಿ ಹಾಕಿದ್ದು ಗದ್ದೆಯ ಒಡೆಯ ಅಲ್ಲಿಯೇ ಗೊಬ್ಬರ ಬೇಕೆಂದು ಹೇಳಿದ್ದರಿಂದ ಎಂದು ಆಮೇಲೆ ತಿಳಿಯಿತು.

ಬೇಸಿಗೆಯಲ್ಲಿ ಸುತ್ತಿಕೊಂಡು ಮಲಗಿದ ಹೆಬ್ಬಾವೆಲ್ಲ ಉಂಡು ಮಲಗಿದ್ದಲ್ಲ ಎಂಬ ಒಂದು ಮಾತನ್ನು ಸೇರಿಸಬೇಕು. ತಾಯಿಹಾವು ಮೊಟ್ಟೆಗಳ ಸುತ್ತ ಮೈ ಸುತ್ತಿಕೊಂಡು, ಮರಿಯಾಗುವವರೆಗೆ, ಎಂದರೆ ಎರಡು ತಿಂಗಳ ಆಸುಪಾಸು, ಉಪವಾಸ ಕೂರುತ್ತದೆ. ತಂಪೇರಿದರೆ ತನ್ನ ಸ್ನಾಯುಗಳನ್ನು ಬಿಗಿದು ಸಡಿಲಿಸಿ ನಡುಗುತ್ತ ಶಾಖವನ್ನು ಹುಟ್ಟಿಸಿಕೊಂಡು ಮೊಟ್ಟೆಗಳಿಗೆ ಕೊಡುತ್ತದೆ. ಆಡನ್ನು ನುಂಗುವುದೆಂದು ಹೆಸರಾದ ಪ್ರಾಣಿ ಏನನ್ನೂ ನುಂಗದೆ ಇರುವ ಕಾಲ ಅದು.

ಮರುವರ್ಷ ಸುಗ್ಗಿಯ ಹೊತ್ತಿಗೆ ಅದೇ ಹಳ್ಳಿಗೆ ಹೋಗಿದ್ದೆ. ಅದೇ ಕುರಿಗಾರರು ಬಂದಿದ್ದರು. ಹಟ್ಟಿಯನ್ನು ಈ ಸಲ ಗದ್ದೆಯ ನಟ್ಟನಡುವೆ ಹಾಕಿದ್ದರು. ಆ ಹೆಣ್ಣುಮಗಳ ಮಾವ, ಮುದುಕ, ನನ್ನನ್ನು ಗುಡ್ಡದ ಬುಡಕ್ಕೆ ಕರೆದುಕೊಂಡು ಹೋಗಿ, ಬಂಡೆಯ ಸಂದಿಯ ಮುಂದೆ ಬಿದ್ದಿದ್ದ ಒಂದು ಒಣ ಉಂಡೆಯನ್ನು ಕೋಲಿನ ತುದಿಯಿಂದ ಬಿಡಿಸಿ ತೋರಿಸಿದ. ಹೆಬ್ಬಾವಿನ ಹೊಟ್ಟೆ ಎಲುಬನ್ನು ಸಹ ಕರಗಿಸುತ್ತದೆ, ಕೂದಲು ಗರಿ ಉಗುರುಗಳನ್ನು ಕರಗಿಸಲಾರದು. ಉಂಡೆಯಲ್ಲಿ ಮೊಲದ ಬೂದುಬಣ್ಣದ ರೋಮವೂ, ಗರಿಯ ಕಡ್ಡಿಗಳೂ ಇದ್ದವು. ಮುದುಕ ಅದನ್ನು ಬಹಳ ಹೊತ್ತು ಕೆದಕಿ ನೋಡಿ, “ನಮ್ಮದೇನೂ ಇಲ್ಲಿಲ್ರಿ” ಎಂದು ಕೋಲನ್ನು ಬಂಡೆಗೆ ಒರೆಸಿಕೊಂಡ.